ನಾಲ್ಕು ಎಂದರೆ ಹತ್ತು

ಸಪ್ತಾಪುರದ ಈ ಮಹಡಿ ಕೋಣೆಗೆ
ನಳ ಬರುವುದು ಎಂಟು ದಿನಕ್ಕೊಮ್ಮೆ.
ಆ ನಸುಕಿನ ಕೊಡಗಳ ಗಡಿಬಿಡಿಯಲ್ಲಿ
ಅಂಬೂಬಾಯಿ ನಾನು ಯಾರೆಂಬುದನ್ನೇ ಮರೆತು
‘ಏ ಹುಡುಗಿ, ಪೈಪ್ ಹಿಡಿ’ ಅನ್ನುತ್ತಾರೆ.
ಉಳಿದ ಏಳು ದಿನ ನಾನು
‘ನಮ್ಮ ಮ್ಯಾಲಿನ ಫಾರಿನ್ ಟೀಚರು.’

ಪೊಲೀಸ್ ಕಚೇರಿಯ ಕಡತದಲ್ಲಿ
ದೇಶ: ತಾಂಜಾನಿಯಾ. ಉದ್ದೇಶ: ವ್ಯಾಸಂಗ.
ಅವಧಿ: ಜೂನ್ ಮೂವತ್ತರವರೆಗೆ ಮಾತ್ರ.
ಕೆಲಗೇರಿ ಶಾಲೆಯ ಹಾಜರಿಯಲ್ಲಿ
ಕು. ತುಮೈನಿ, ಪ್ರಶಿಕ್ಷಣಾರ್ಥಿ.
ನಾಲ್ಕನೇ ಇಯತ್ತೆಯವರ ಬಾಯಲ್ಲಿ
ತುಂಬಿ ಅಕ್ಕೋರು.

ನಿಘಂಟು ತೆಗೆದು ನೋಡಿದೆ.
ಕರಿಯ ದುಂಬಿ ಎಂದೂ ಇತ್ತು,
ತುಳುಕುವಷ್ಟು ಎಂದೂ ಇತ್ತು.
ಯಾವುದೆಂದು ಮಕ್ಕಳನ್ನು ಕೇಳಲಿಲ್ಲ.
ಕೇಳಿದ್ದರೆ ಏನನ್ನುತ್ತಿದ್ದವೋ ಎಂದು
ಕೆಲವು ರಾತ್ರಿ ಹೊರಳಾಡಿದ್ದುಂಟು.

ಸಿಟಿ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು
ಎಲ್ಲಕ್ಕಿಂತ ಕೊನೆಗೆ ತುಂಬುತ್ತದೆ.
ಒಂದು ದಿನ ಒಬ್ಬ ಮುದುಕಿ ಧಪ್ಪನೆ ಕೂತು
ಮೆಂತ್ಯದ ಸಿವುಡುಗಳನ್ನು ನನ್ನ ತೊಡೆಗೆ ಹೇರಿ
ಸೆರಗಿನ ಗಂಟು ಬಿಚ್ಚಿ ಚಿಲ್ಲರೆ ಎಣಿಸಿದಳು.
ಇಳಿಯುವವರೆಗೂ ಸೊಪ್ಪನ್ನು ತಿರುಗಿ ತೆಗೆದುಕೊಳ್ಳಲಿಲ್ಲ.

ಖಾನಾವಳಿಯಲ್ಲಿ ಸೋಮವಾರ ಜೋಳದ ನುಚ್ಚು.
ಆರಿ ಗಟ್ಟಿಯಾದದ್ದನ್ನು ಉಂಡೆ ಕಟ್ಟಿ
ಹೆಬ್ಬೆರಳಲ್ಲಿ ಗುಳಿ ಒತ್ತಿ ಸಾರು ಹಿಡಿದೆ.
ಬಡಿಸುವ ಕಲ್ಮೇಶ ಸೌಟು ಎತ್ತಿದವನು ಎತ್ತಿದಂತೆ ನಿಂತ.
‘ಯಾರು ಕಲಿಸ್ಯಾರ್ರೀ?’
‘ನಮ್ಮವ್ವ’ ಎಂದೆ.

ಮೇಜಿಗೆ ನಮ್ಮಲ್ಲಿ ಮೇಜಾ,
ಸಾಬೂನಿಗೆ ಸಬೂನಿ, ದುಕಾನಕ್ಕೆ ದುಕಾ.
ಯಾವ ಹಡಗು, ಯಾರು ಹೇರಿದ್ದರೋ.
ನನಗಿಂತ ಮೊದಲೇ ದಾಟಿದ ಇವುಗಳ
ಪಾಸ್‌ಪೋರ್ಟನ್ನು ಯಾರೂ ಕೇಳಿದಂತಿಲ್ಲ.

ಇವತ್ತು ಹನ್ನೊಂದನೆಯ ಪಾಠ. ಗಡಿಯಾರ.
ಫೇಡೆ ಡಬ್ಬಿಯ ರಟ್ಟು ಕತ್ತರಿಸಿ
ರಾತ್ರಿ ಕೂತು ಮಾಡಿದ ದುಂಡು ಮುಖ,
ಎರಡು ಮುಳ್ಳು, ನಡುವೆ ಅಂಗಿಯ ಗುಂಡಿ.
ಹಿಂದಿನ ಗಿಡ್ಡ ಬೆಂಚಿನಲ್ಲಿ ಮುಳಗುಂದ ಸರ್
ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತು
ವೀಕ್ಷಣಾ ನಮೂನೆ ಬಿಡಿಸಿದ್ದಾರೆ.

ಸಣ್ಣ ಮುಳ್ಳು ಹತ್ತಕ್ಕೆ, ದೊಡ್ಡದು ಹನ್ನೆರಡಕ್ಕೆ.
ಎಷ್ಟು ಗಂಟೆ?
ಕೇಳಿದವಳು ನಾನು. ಮಕ್ಕಳು ಬಾಯಿ ತೆರೆಯುವ ಮೊದಲೇ
ಉತ್ತರ ಹೇಳಿದವಳೂ ನಾನೇ:
ನಾಲ್ಕು.

ನಕ್ಕವು. ಬೆಂಚುಗಳೂ ನಕ್ಕವು.
ನಮ್ಮಲ್ಲಿ ಎಣಿಕೆ ಸೂರ್ಯನಿಂದ ಸುರು,
ಬೆಳಗಿನ ಏಳಕ್ಕೆ ಗಂಟೆ ಒಂದು.
ಅವ್ವ ‘ಎರಡಕ್ಕೆ ಫೋನು ಮಾಡು’ ಅಂದರೆ ಎಂಟು,
ಅದಕ್ಕೆ ಮೇಲೆ ಎರಡೂವರೆ ಕೂಡಿಸಬೇಕು.
ದಿನಾ ಮಾಡುವ ಲೆಕ್ಕ, ದಿನಾ ಬೆರಳು ಮಡಚಿ.
ಇಷ್ಟೆಲ್ಲ ಹೇಳುವಷ್ಟು ಕನ್ನಡ
ಆ ಗಳಿಗೆ ಬಾಯಿಗೆ ಬರಲಿಲ್ಲ.
ಕೈಯ ಖಡು ಬಿದ್ದು ಎರಡು ತುಂಡಾಯಿತು.

ಕಿಟಕಿ ಬದಿಯ ರುಬಿನಾ ನದಾಫ ಎದ್ದಳು.
‘ಅಕ್ಕೋರ, ನಮ್ಮ ಆಯಿನೂ ಹಂಗ ಎಣಸ್ತಾಳ್ರಿ.
ಹೊತ್ತು ಹೊಂಟ ಮ್ಯಾಲೆ ಎಷ್ಟು ತಾಸು ಆತು ಅಂತ.’
ಏಳು, ಎಂಟು, ಒಂಬತ್ತು, ಹತ್ತು.
ಹೆಬ್ಬೆರಳೊಂದು ಉಳಿಯಿತು ಮಡಚದೆ.
‘ಬರೋಬ್ಬರಿ ಐತ್ರಿ. ನಾಲ್ಕು.’

ಬೋಧನೋಪಕರಣ: ಉತ್ತಮ.
ವಿಷಯ ಸ್ಪಷ್ಟತೆ: ಸುಧಾರಿಸಬೇಕು.
ಹತ್ತಕ್ಕೆ ಆರು.
ಸಹಿ ಹಾಕಿ ಕೊಟ್ಟು ಹೊರಟ ಮುಳಗುಂದ ಸರ್
ಮೆಟ್ಟಿಲ ಮೇಲೆ ತಿರುಗಿದರು.
‘ಹಂಗಾರ ನಿಮ್ಮಲ್ಲಿ ನಡುರಾತ್ರಿಗೆ ಎಷ್ಟು?’
‘ಅದೂ ಆರೇ, ಸರ್.’
ಒಂದು ಕಾಲಿಗೆ ಚಪ್ಪಲಿ ಮೆಟ್ಟಿ,
ಇನ್ನೊಂದು ಕಾಲು ಬರಿದೇ ಬಿಸಿ ಕಲ್ಲಿನ ಮೇಲಿಟ್ಟು,
ಬೆರಳು ಮಡಚುತ್ತ ನಿಂತರು.