ನೀಲಿ ಕಡತ

ಬ್ಲಾಕ್ ಆಫೀಸಿನಿಂದ ನಮೂನೆ ಬಂದಿದೆ, ಏಳು ಪುಟ,
ಮೂಲೆಗೆ ಒಂದೇ ಪಿನ್ನು.
ಶುಕ್ರವಾರದೊಳಗೆ ತುಂಬಿ ಕಳಿಸಬೇಕು.
ಮಕ್ಕಳ ಸಂಖ್ಯೆ: ತೊಂಬತ್ತೆರಡು.
ಕಾಫಿ ಕುಯ್ಲು ಮುಗಿದರೆ ಎಪ್ಪತ್ತೂ ಉಳಿಯುವುದಿಲ್ಲ
ಎಂದು ಬರೆಯಲು ಜಾಗವಿರಲಿಲ್ಲ.

"ಅಪರಿಚಿತ ವ್ಯಕ್ತಿ ಒಳನುಗ್ಗಿದಾಗ" – ಮೂರನೇ ಪುಟ.
ಪೆನ್ನು ಅಲ್ಲೇ ನಿಂತಿತು.

ಆನೆಯಾದರೆ ನಮಗೆ ಎಲ್ಲ ಗೊತ್ತು.
ಸಿದ್ದಾಪುರದಾಚೆಯ ಈ ಶಾಲೆಯಲ್ಲಿ ಒಂದನೇ ಕ್ಲಾಸಿನ ಕೂಸಿಗೂ ಗೊತ್ತು:
ಫಾರೆಸ್ಟಿನವರ ಮೆಸೇಜು ಬಂದರೆ ಐಯಣ್ಣ ಗೇಟು ಹಾಕುತ್ತಾನೆ,
ಕೂಗುವ ಹಾಗಿಲ್ಲ, ಓಡುವ ಹಾಗಿಲ್ಲ,
ಚೀಲದಲ್ಲಿ ಹಲಸಿನ ತೊಳೆ ತರುವ ಹಾಗಿಲ್ಲ.
ಸದ್ದಿಗೂ ಇಲ್ಲಿ ವ್ಯಾಕರಣವಿದೆ.
ಒಂದು ಗುಂಡು ಹಾರಿದರೆ ಯಾರದೋ ಮನೆಯಲ್ಲಿ ಗಂಡುಕೂಸು,
ಎರಡು ಹಾರಿದರೆ ಸಾವು,
ಸಾಲಾಗಿ ಸಿಡಿದರೆ ಪಟಾಕಿ, ಆನೆ ಗದ್ದೆಗಿಳಿದಿದೆ.
ಮಕ್ಕಳು ತಲೆಯೆತ್ತದೆ ಮಗ್ಗಿ ಮುಂದುವರಿಸುತ್ತಾರೆ.

ಕತ್ತಿಗೆ ಸದ್ದಿಲ್ಲ.
ಅಡುಗೆ ಕೋಣೆಯಲ್ಲಿ ಕುಕ್ಕರು ಮೂರನೇ ಸಲ ಕೂಗಿತು,
ನಾಲ್ಕನೇ ಸಲ ಕೂಗಿತು,
ಯಾರೂ ಆರಿಸುತ್ತಿಲ್ಲವಲ್ಲ ಎಂದು ನಾನು ಎದ್ದೆ.

ಲೀಲಾ ಬದುಕಿದ್ದಾಳೆ. ಮೊದಲೇ ಹೇಳಿಬಿಡುತ್ತೇನೆ.
ಅವತ್ತು ಹೇಳದೆ ಹೋದದ್ದು ಇದನ್ನೇ.

ಆಂಬುಲೆನ್ಸು ಮಡಿಕೇರಿಗೆ ಹೋದ ಮೇಲೆ ನೆಲ ತೊಳೆಸಿದೆ
(ತೊಳೆಸಬಾರದಿತ್ತಂತೆ, ಪೊಲೀಸರು ಬೈದರು),
ಹಾಜರಿ ಕೂಗಿದೆ, ಇನ್ನೊಮ್ಮೆ ಕೂಗಿದೆ.
ಫೋನು ಮೇಜಿನ ಖಾನೆಯಲ್ಲಿ ನಡುಗುತ್ತಲೇ ಇತ್ತು.
ನಾನು ಬಾಯಿ ಬಿಡದ ಆ ನಲವತ್ತು ನಿಮಿಷದಲ್ಲಿ
ಗಾಯಗೊಂಡ ಒಬ್ಬಳು ಸಿದ್ದಾಪುರದ ಪೇಟೆಯಲ್ಲಿ ಇಬ್ಬರಾದಳು,
ನೆಲ್ಯಹುದಿಕೇರಿಯ ಸೇತುವೆ ದಾಟುವಾಗ ಇಬ್ಬರು ಮಕ್ಕಳಾದಳು, ಸತ್ತಳು,
ಪಾಲಿಬೆಟ್ಟ ಮುಟ್ಟುವ ಹೊತ್ತಿಗೆ ಆ ಮಕ್ಕಳಿಗೆ ಹೆಸರೂ ಬಂತು.

ಸೊಂಟದ ಚೀಲ ಬಿಚ್ಚದೆ ತಾಯಂದಿರು ತೋಟದಿಂದ ಓಡಿ ಬಂದರು,
ದಾರಿಯುದ್ದ ಕೆಂಪು ಹಣ್ಣು.
ಮೆಟ್ಟಿಲ ಮೇಲೆ ನಿಂತು ಕನ್ನಡದಲ್ಲಿ ಹೇಳಿದೆ:
"ಎಲ್ಲರೂ ಶಾಂತರಾಗಿರಿ."
ಅಸ್ಸಾಮಿನಿಂದ ಬಂದ ಜಹಾನಾರಾಳ ತಾಯಿಗೆ
ಅದು ಸಾವಿನ ಸುದ್ದಿಯಂತೆಯೇ ಕೇಳಿಸಿತು.
ಮಗಳನ್ನು ಕೈಗೆ ಕೊಟ್ಟರೂ ನಂಬದೆ
ಬೆರಳು ಒಂದೊಂದೇ ಮುಟ್ಟಿ ಎಣಿಸಿದಳು.

"ವಕ್ತಾರರು ಯಾರು?" ಒಬ್ಬರ ಹೆಸರಿಗಷ್ಟೇ ಜಾಗ.
ಅಂಚಿನಲ್ಲಿ ಸಣ್ಣಕ್ಷರದಲ್ಲಿ ಇನ್ನೂ ಮೂರು ತುರುಕಿದೆ.
ಯರವರ ಹಾಡಿಗೆ ಚುಂಡೆ; ಫೋನಿಲ್ಲ, ಕಾಲಿದೆ.
ಮಲಯಾಳಕ್ಕೆ ಅಂಗಡಿಯ ಆಸ್ಯಮ್ಮ.
ಲೈನ್‌ಮನೆಗಳಿಗೆ ಎಸ್ಟೇಟಿನ ರೈಟರ್ ಮಾಚಯ್ಯ, ಅಷ್ಟಿಷ್ಟು ಹಿಂದಿ.
ಮೊದಲ ಮಾತು ಏನೆಂದೂ ಬರೆದಿಟ್ಟೆ: ಯಾರಿಗೆ ಏನಾಯಿತು,
ಯಾರಿಗೆ ಏನೂ ಆಗಿಲ್ಲ. ಆಮೇಲೆ ಬೇಕಾದರೆ ಶಾಂತಿ.

"ಸಂಕೇತ ಪದ": ಮೈಕಿನಲ್ಲಿ ಹೇಳಿದರೆ ಟೀಚರುಗಳಿಗೆ ತಿಳಿಯಬೇಕು,
ಮಕ್ಕಳು ಹೆದರಬಾರದು.
"ನೀಲಿ ಕಡತ ತನ್ನಿ" ಎಂದು ಗೊತ್ತುಮಾಡಿದೆವು.
ಮಂಗಳವಾರ ಅಭ್ಯಾಸ. ಚಿಲಕ ಬಿದ್ದವು,
ಬೆಂಚಿನಡಿ ಮಂಡಿಗಳು, ಯಾರದೋ ಬಿಕ್ಕಳಿಕೆ.
ಮರುದಿನಕ್ಕೇ ಹುಡುಗರು ಅಂಗಳದಲ್ಲಿ ಆಟ ಕಟ್ಟಿದ್ದರು:
ಒಬ್ಬ ಕಡತ, ಉಳಿದವರೆಲ್ಲ ಓಡುವವರು.

ಸುಜಿತ್ ಆಡಲಿಲ್ಲ.
ಐದನೇ ಕ್ಲಾಸು, ಲೀಲಾಳ ಮಗ.
ಕತ್ತಿ ಹಿಡಿದು ಬಂದವನ ಮಗನೂ ಅವನೇ.
ಬಾಗಿಲ ಪಕ್ಕದ ಬೆಂಚು ಅವನದು, ಅಭ್ಯಾಸದಲ್ಲಿ ಚಿಲಕ ಹಾಕಿದ್ದೂ ಅವನು;
ಜಾಗ ಬದಲಿಸಲು ನನಗೆ ಹೊಳೆದಿರಲಿಲ್ಲ.
ಎಲ್ಲರೂ ಊಟಕ್ಕೆ ಹೋದ ಮೇಲೆ ಮೇಜಿನ ಹತ್ತಿರ ಬಂದು ಕೇಳಿದ:
"ಟೀಚರ್, ಹೊರಗೆ ನಿಂತವರು ಹೆಸರು ಹಿಡಿದು ಕರೆದರೆ?"

ಜೂನಿನಲ್ಲಿ ನಮ್ಮ ನಲ್ಲಿ ಸರಿಮಾಡಿ
ದುಡ್ಡು ಬೇಡವೆಂದು ಟೀ ಕುಡಿದು ಹೋದವನು ಆತ.
ಪೋಷಕರ ಸಭೆಯ ಪುಸ್ತಕದಲ್ಲಿ ಸಹಿ ಇದೆ,
ದುಂಡಗೆ, ಮಗನ ಅಕ್ಷರದ ಹಾಗೇ.

ಮೂರನೇ ಪುಟದ "ಅಪರಿಚಿತ"ದ ಮೇಲೆ ಗೀಟು ಎಳೆದೆ.
"ವ್ಯಕ್ತಿ" ಉಳಿಯಿತು.
ಆಫೀಸಿನವರು ತಿರುಗಿ ಕಳಿಸಿದರೆ ಕಳಿಸಲಿ.
ಸುಜಿತನನ್ನು ಕಿಟಕಿ ಕಡೆಗೆ ಕೂರಿಸಿದ್ದೇನೆ.
ಅವನು ಕೇಳಿದ್ದಕ್ಕೆ ನಮೂನೆಯಲ್ಲಿ ಕಲಮಿಲ್ಲ;
ಏಳನೇ ಪುಟದ ಹಿಂಬದಿ ಖಾಲಿಯಿದೆ.

ಗುರುವಾರ, ರಾತ್ರಿ ಹತ್ತು.
ಎಲ್ಲೋ ಒಂದು ಗುಂಡು ಹಾರಿತು.
ಇನ್ನೊಂದಿದೆಯೋ ಎಂದು
ಪೆನ್ನೆತ್ತಿ ಕೂತಿದ್ದೇನೆ.