ಕೂಡುದಾರಿ

ಓಸ್ಟ್ರಾವಾದಲ್ಲಿ ರಾತ್ರಿ ಎರಡು. ರಾಡಿಮ್ ಬೆಲ್ಟು ಹಾಸುತ್ತಾನೆ,
ಅದಿರು ಇರುವೆಸಾಲಿನ ಹಾಗೆ
ನಿಲ್ಲದೆ, ಕೂಗದೆ, ಹೊತ್ತು ಕಾಯದೆ.
"ಬೆಲ್ಟಿಗೆ ಬುದ್ಧಿ ಬೇಡ. ಹಾಸು, ಹರಿಯುತ್ತೆ."

ಹರಿಯುತ್ತೆ, ಸರಿ.
ಅವನ ಗಣಿ ಬರಿದಾಗಿ ಗಂಟೆಯಾಯಿತು,
ಖಾಲಿ ಬೆಲ್ಟು ಇನ್ನೂ ಓಡುತ್ತಲೇ ಇದೆ
ಯಾರಿಗೂ ಹೇಳದೆ.

ನನ್ನದು ರೈಲು. ತಡವಾದರೂ
ಬಂದರೆ ಊರಿಗೇ ಗೊತ್ತಾಗಬೇಕು.
ಈಗ ಮಾತ್ರ ಕೂಡುದಾರಿಯಲ್ಲಿ ಹನ್ನೊಂದು ರೈಲು
ಒಂದರ ಬಾಲಕ್ಕೆ ಒಂದು ಮೂತಿಯಿಟ್ಟು
ನೀ ಸರಿ, ನೀ ಸರಿ ಅಂತ ನಿಂತಿವೆ.
ತಾಮ್ರವಿಲ್ಲದೆ ಕುಲುಮೆ ತಣ್ಣಗೆ. ರಾಡಿಮನಿಗೆ ನಗು.

ನೀರು ಕುಡಿಯಲು ಎದ್ದ ಓಲ್ಡ್ರಿಖ್ ತಾತ,
ಮೂವತ್ತೊಂದು ವರ್ಷ ಯಾರ್ಡಿನಲ್ಲಿ ಸನ್ನೆಗೋಲು ಎಳೆದ ಕೈ,
ಪರದೆಗೇ ಬೆರಳೊತ್ತಿದರು, ಗುರುತು ಬಿಟ್ಟು:
"ಒಳಗೆ ಹೊಗುವ ಮುಂಚೆ
ಹೊರಗೆ ಜಾಗ ಇದೆಯೇ ಕೇಳಬೇಕು.
ಒಳಗೆ ಹೋಗಿ ಯೋಚಿಸುವವರಿಂದಲೇ ಎಲ್ಲ ಜಾಮು."

ಒಂದನ್ನು ಕೈಯಾರೆ ಹಿಂದೆ ಸರಿಸಿ
ಕಂಬ ಕಿತ್ತು ಆಚೆ ನೆಟ್ಟೆ.
ಗಂಟು ಸಡಿಲಿತು.

ತಾತ ಹೋಗಲಿಲ್ಲ. ಸ್ಟೂಲು ಎಳೆದು ಕೂತರು.
"ಇದಕ್ಕೆ ಡ್ರೈವರ್ ಯಾರು?"
ಯಾರೂ ಇಲ್ಲ ಅಂದೆ.
"ಹಾಗಾದರೆ ಟೈಮಿಗೆ ಬರುತ್ತೆ ಬಿಡು," ಅಂದರು,
ಬೆಲ್ಟಿನ ಕಡೆ ಒಮ್ಮೆಯೂ ನೋಡದೆ.