ಬಾಜೂಕಿನ ಖಾನೆ

ಶಹಾಪುರ ಖಡೇಬಜಾರ. ಮೇಲಿನ ಮಾಳಿಗೆ ನನ್ನದು,
ಕೆಳಗೆ ಭರಮಣ್ಣ ಕಾಕಾನ ಅಚ್ಚುಕೂಟ.
ಹಲಗೆಯ ಸಂದಿಯಿಂದ ಸೀಮೆಎಣ್ಣೆ, ಶಾಯಿ, ಚಹಾದ ವಾಸನೆ
ನನ್ನ ಕೀಬೋರ್ಡಿನ ತನಕ ಏರಿ ಬರುತ್ತದೆ.

ಮೂರು ದಿನದಿಂದ ಒಂದೇ ಕಡತ.
ಇನ್ನೂರು ಚಿಲ್ಲರೆ ಸಾಲು, ಹೊಸ ಭಾಷೆ.
ಕೆಲಸ ಮಾಡುತ್ತದೆ; ತಕರಾರು ಅದಲ್ಲ.
ಎಲ್ಲಿ ಇಡುವುದು?

ಮೂವತ್ತು ವರ್ಷದ ಕರ್ನೆಲ್ಲು,
ಗೋಡೆಯಿಂದ ಗೋಡೆಗೆ ಸಿ ಭಾಷೆಯದೇ ಸಂಸಾರ.
ಡಿಸ್ಕಿನವರದು ಒಂದು ಓಣಿ, ನೆಟ್‌ವರ್ಕಿನವರದು ಇನ್ನೊಂದು,
ನನ್ನ ಉಷ್ಣಮಾಪಕದ ಡ್ರೈವರು ಕೊನೆಯ ಓಣಿಯ ಮೂಲೆಮನೆ.
ಹೊಸ ಭಾಷೆಗೆ ಊರ ಹೊರಗೊಂದು ಬಡಾವಣೆ ಕಟ್ಟು,
ಎನ್ನುತ್ತಾಳೆ ಫೋನಿನಲ್ಲಿ ತಬಸ್ಸುಮ್,
ಬೇರೆ ಫೋಲ್ಡರು, ಬೇರೆ ಬಾಗಿಲು.
ಹುಡುಕಲು ಸಲೀಸು, ಬೇಡವಾದರೆ ಕಿತ್ತೆಸೆಯಲೂ ಸಲೀಸು.
ಆ ಎರಡನೆಯ ಸಲೀಸು
ನನಗೆ ಕೇಳಿಸಿದಂತೆ ಅವಳಿಗೆ ಕೇಳಿಸಲಿಲ್ಲ.

ಚಹಾಕ್ಕೆ ಇಳಿದೆ.
ಕಾಕಾ ಗೋಕಾಕ-ನಿಪ್ಪಾಣಿಯ ಮದುವೆ ಜೋಡಿಸುತ್ತಿದ್ದ,
ಒಂದೇ ಕಾರ್ಡು, ಎರಡು ಲಿಪಿ.
ಎಡಗೈಯಲ್ಲಿ ಸ್ಟಿಕ್ಕು, ಬಲಗೈ ಖಾನೆಯಿಂದ ಖಾನೆಗೆ,
ಕನ್ನಡದ ಳ, ಬಾಜೂಕ ಮರಾಠಿಯ ಳ.
'ಎರಡೂ ಬ್ಯಾರೆ ಕಪಾಟಿನಾಗ ಇಡಬಾರದೇನು ಕಾಕಾ?'
'ಇಟ್ಟಿದ್ದೆವಾ. ಮಾಲಕರು ನಡುವ ಪಡದಾನೂ ಹಾಕಿಸಿದ್ರು.
ಒಂದ್ ಮದವಿ ಮುಗಿಯೂದ್ರಾಗ
ನಾ ಎರಡ್ ಮೈಲ ನಡದಿರ್ತಿದ್ದೆ.'

ಈಗ ಮದುವೆಯ ಮೊಳೆಗಳು ಒಂದು ಕಡೆ,
ತಿಥಿಯವು ಬಾಗಿಲ ಹಿಂದೆ,
ಪಾವತಿ ಪುಸ್ತಕದವು ಕಿಟಕಿಗೆ ಹತ್ತಿರ.
ಎರಡು ಭಾಷೆಯೂ ತಂತಮ್ಮ ಕೆಲಸದ ಮಗ್ಗುಲಲ್ಲಿ.
ನಡುವೆ ಹೆಸರಿಲ್ಲದ ಒಂದು ಖಾನೆ:
ಗೆರೆ, ಬಳ್ಳಿಯಂಚು, ಸೊಂಡಿಲು ಸವೆದ ಗಣಪ,
ಖಾಲಿ ಜಾಗ ತುಂಬುವ ಸೀಸ.
ಖಾಲಿ ಜಾಗಕ್ಕೆ ಯಾವ ಲಿಪಿ?

ಜಗಳ ಇರುವುದು ಸಾಲು ಕೂಡುವಲ್ಲಿ.
ಒಂದು ತಲೆಗೆರೆಗೆ ಜೋತು ಬೀಳುತ್ತದೆ,
ಇನ್ನೊಂದು ಒತ್ತಕ್ಷರಕ್ಕೆಂದು ಕಾಲು ಚಾಚುತ್ತದೆ;
ಒಂದೇ ಚೌಕಟ್ಟಿಗೆ ಬಿಗಿದರೆ ಯಾವುದೋ ಮೊಳೆ ಸಡಿಲು.
ಕಾಕಾ ಬೀಡಿಕಟ್ಟಿನ ಕಾಗದ ಹರಿದ,
ಎಳೆಯಷ್ಟು ಮಡಿಸಿ ನಡುವೆ ತುರುಕಿದ.
ಯಾರೂ ಓದದ ಚೂರು. ಅದು ಜಾರಿದರೆ
ವರನ ಹೆಸರು ನೆಲದ ಮೇಲೆ.

ನನ್ನಲ್ಲೂ ಇದೆ ಅಂಥ ಚೂರು:
ಹಳೆಯ ಪಾಯಿಂಟರನ್ನು ಹೊಸ ಭಾಷೆ ಮುಟ್ಟುವ ಜಾಗ,
'ಅಸುರಕ್ಷಿತ' ಎಂದು ಬರೆಸಿಕೊಂಡೇ ಒಳಬಿಡುವ ಎಂಟು ಸಾಲು.
ಡ್ರೈವರಿನ ಹೊಟ್ಟೆಯಲ್ಲಿ ಬಚ್ಚಿಟ್ಟಿದ್ದೆ.
ನಾಳೆ ಇನ್ನೊಬ್ಬರು ಅವನ್ನೇ ಬಚ್ಚಿಡುತ್ತಿದ್ದರು, ನಾಡಿದ್ದು ಮತ್ತೊಬ್ಬರು,
ಎಲ್ಲರ ಹೊಟ್ಟೆಯಲ್ಲೂ ಬೀಡಿಕಾಗದ.

ಮೇಲೆ ಹತ್ತಿದೆ. ಎಂಟು ಸಾಲು ನಡುವಿನ ಖಾನೆಗೆ,
ಹತ್ತು ಜನಕ್ಕೆ ಕಾಣುವಂತೆ,
ಯಾಕೆ ಜಾರುವುದಿಲ್ಲ ಎಂಬ ಟಿಪ್ಪಣಿಯೊಡನೆ.
ಡ್ರೈವರು ಮೂಲೆಮನೆಗೇ, ಹಳೆಯ ಸಿ ಕಡತದ ಬಾಜೂಕ,
ಅದೇ ಹೆಸರು, ಬಾಲ ಮಾತ್ರ ಬೇರೆ.
ಮೇಕ್‌ಫೈಲಿನಲ್ಲಿ ಒಂದು ಸಾಲು ಬರೆದು ಬಿಲ್ಡಿಗೆ ಕೂರಿಸಿದೆ.

ಮುರಿಯಿತು.
ಬೆಂದ ಮೇಲೆ ಬಾಲ ಉದುರಿ ಇಬ್ಬರೂ
ಒಂದೇ ಹೆಸರಿನ ಆಬ್ಜೆಕ್ಟಾಗಲು ಹೊರಟಿದ್ದರು!
ಪಕ್ಕದಲ್ಲಿ ಇರಿಸಬಹುದು,
ಒಂದೇ ಹೆಸರಲ್ಲಿ ಕೂಗಬಾರದು.
ಹೊಸದಕ್ಕೊಂದು ಅಡ್ಡಹೆಸರು ಅಂಟಿಸಿ ಮತ್ತೆ ಕೂರಿಸಿದೆ.

ಎಂಟಕ್ಕೆ ಕರೆಂಟು ಹೋಯಿತು.
ಬ್ಯಾಟರಿಯ ಮೇಲೆ ನನ್ನ ಪರದೆ;
ಕೆಳಗೆ ಕತ್ತಲಲ್ಲೂ ಮೊಳೆ ಬೀಳುವ ಸದ್ದು,
ಟಿಕ್, ಟಿಕ್, ನಿಂತೇ ಇಲ್ಲ.

'ನೀಲವ್ವಾ, ಎಲ್ಲಿಟ್ಟಿ ನಿಂದು?'
ಹಲಗೆಯ ಸಂದಿಯಿಂದ ಕಾಕಾ.
'ಬಾಜೂಕನ ಇಟ್ಟೆ.'
'ಕಣ್ಮುಚ್ಚಿ ಹುಡುಕಿ ನೋಡು.
ಆಮ್ಯಾಲ ಹೇಳು.'